ಗೋತ್ರ ಕೇಳಿದ ಕಂಪೈಲರ್

ಎದ್ದು ಹೋಗಬೇಡಿ, ಇದನ್ನು ಪೂರ್ತಿ ಕೇಳಿ. ಎಂಬತ್ತೇಳರ ಮಾತು. ಆದೋನಿಯ ಪ್ರೇಮಾಬಾಯಿ ಹೆಣ್ಣು ನೋಡಲು ಬಂದವರ ಮುಂದೆ ಉಪ್ಪಿಟ್ಟಿನ ತಟ್ಟೆ ಹಿಡಿದು ನಿಂತಿದ್ದಳು. ಮನಸ್ಸು ಮಾತ್ರ ಹತ್ತಿ ಬಿಡಿಸುವ ಜಿನ್ನಿಂಗ್ ಮಿಲ್ಲಿನ ಕಂಪ್ಯೂಟರಿನ ಮುಂದೆಯೇ ಕೂತಿತ್ತು.

ಹತ್ತಿ ವಿಂಗಡಿಸುವ ಪ್ರೋಗ್ರಾಮು ಅವಳದೇ. ಅದನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರನ್ನೂ ಅವಳೇ ಕಟ್ಟಿದ್ದಳು. ಆ ಕಂಪೈಲರೋ, ಮಹಾ ಸಂಶಯದ ಪ್ರಾಣಿ! ತಳಿಯೊಳಗೆ ದರ್ಜೆ, ದರ್ಜೆಯೊಳಗೆ ಎಳೆ ಎಂದು ಅವಳು ಒಂದರೊಳಗೊಂದು ಹೆಣೆದಿದ್ದ ವಿಧಗಳಲ್ಲಿ ಯಾವ ಎರಡು ಎದುರಾದರೂ ಎರಡನ್ನೂ ತಳದವರೆಗೆ ಬಿಚ್ಚಿ ಹೋಲಿಸುತ್ತಿತ್ತು. ಬಿಚ್ಚಿದ್ದನ್ನೇ ಮತ್ತೆ ಬಿಚ್ಚುತ್ತಿತ್ತು. ಅಷ್ಟರಲ್ಲಿ ಕರೆಂಟು ಹೋಗುತ್ತಿತ್ತು.

"ಏನಮ್ಮಾ, ನಿನ್ನ ಮಿಷನ್ನು ಎಮ್ಮಿ ಮೆಲುಕು ಹಾಕ್ದಂಗ ಕುಂತೈತಿ," ಎಂದು ಮ್ಯಾನೇಜರ್ ನರಸಪ್ಪ ಬೆಳಿಗ್ಗೆಯೇ ಹಂಗಿಸಿದ್ದ. "ಇವತ್ತು ಸಂಜಿ ಕರೆಂಟ್ ಹೋಗೂದ್ರೊಳಗ ಓಡಿದ್ರ ಸರಿ. ಇಲ್ಲಾಂದ್ರ ಈ ಮಿಷನ್ನ ವಾಪಸ್ ಲಾರಿ ಹತ್ತಸ್ತೀನಿ. ನೀನೂ ಮನ್ಯಾಗ ಹಪ್ಪಳ ಒತ್ಕೋತ ಇರು."

ಇತ್ತ ಅಜ್ಜಿ ಅಂಬೂಬಾಯಿ ಗಂಡಿನ ತಂದೆಯನ್ನು ಕೇಳಿದಳು: "ಗೋತ್ರ ಯಾವುದ್ರೀ ಆಚಾರ್ರ?"

"ವಸಿಷ್ಠ. ನಮ್ಮ ಮುತ್ತಜ್ಜ ಇದ್ದರಲ್ಲ, ಅವರ ಅಪ್ಪ..."

"ಸಾಕ್ ಬಿಡ್ರಿ! ನಮ್ದು ಕಾಶ್ಯಪ. ಋಷಿ ಹೆಸರು ಬ್ಯಾರೆ ಅಂದಮ್ಯಾಲೆ ಮುಗೀತು. ಪಾಪ, ಮುತ್ತಜ್ಜನ್ನ ಯಾಕ ಎಬ್ಬಸ್ತೀರಿ?"

ಪ್ರೇಮಾ ಬೆಚ್ಚಿದಳು. ಪಕ್ಕದಲ್ಲಿ ಕೂತಿದ್ದ ಗಂಡು ಪ್ರಾಣೇಶನ ಕೈಗೆ ತಟ್ಟೆ ತುರುಕಿ ಬಾಗಿಲಿನತ್ತ ಓಡಿದಳು.

"ಎಲ್ಲಿಗೇ? ಗಂಡು ಇಲ್ಲೇ ಕೂತಾನ!"

"ಬಂದೆ ಅಜ್ಜಿ!"

ರೇಷ್ಮೆ ಸೀರೆಯಲ್ಲೇ ಮಿಲ್ಲು ಸೇರಿದಳು. ಬಿಚ್ಚಿ ನೋಡುವ ಸಾಲುಗಳನ್ನೆಲ್ಲ ಕಿತ್ತೆಸೆದಳು. ಪ್ರತಿ ವಿಧಕ್ಕೂ ಒಂದು ಹೆಸರು; ಎರಡು ಎದುರಾದರೆ ಹೆಸರಷ್ಟೇ ಕೇಳು; ಮದುವೆಗೆ ಉಲ್ಟಾ ಇಲ್ಲಿ, ಒಂದೇ ಆದರೆ ಒಳಗೆ ಬಿಡು, ಬೇರೆಯಾದರೆ ತಡೆ. ಮುತ್ತಜ್ಜಂದಿರ ಗೊಡವೆ ಬೇಡ.

ನರಸಪ್ಪ ಚಹಾ ಸಾಸರಿಗೆ ಸುರಿದುಕೊಂಡು ನಕ್ಕ. "ಮದುಮಗಳಂಗ ಬಂದೀಯಲ್ಲಮ್ಮಾ, ಮಿಷನ್ನಿಗೆ ತಾಳಿ ಕಟ್ಟಸ್ತೀಯೇನು?"

ಅವಳು ಗುಂಡಿ ಒತ್ತಿದಳು.

ಸಾಸರ್ ಅವನ ತುಟಿಗೆ ಮುಟ್ಟುವಷ್ಟರಲ್ಲಿ ಕಂಪೈಲರ್ ಕೆಲಸ ಮುಗಿಸಿತ್ತು. ತಪ್ಪು ಒಂದೂ ಇಲ್ಲ. ಪ್ರೋಗ್ರಾಮು ಓಡಿತು, ಪ್ರಿಂಟರ್ ಕಿರ್‍ರೆಂದು ಕಾಗದ ಉಗುಳತೊಡಗಿತು. ತಲೆಯ ಮೇಲೆ ಫ್ಯಾನು ಇನ್ನೂ ತಿರುಗುತ್ತಲೇ ಇತ್ತು.

"ಅಬ್ಬಾ! ಭಲೇ ಪಿಲ್ಲವಮ್ಮಾ, ಭಲೇ ಹುಡುಗಿ ನೀನು!" ಚಹಾ ಅಂಗಿಯ ಮೇಲೆ ಚೆಲ್ಲಿದ್ದು ನರಸಪ್ಪನಿಗೆ ಗೊತ್ತೇ ಆಗಲಿಲ್ಲ. "ಲಾರಿ ಬ್ಯಾಡ ಅಂತ ಹೇಳಿ ಬರ್ತೀನಿ!"

ಅವನು ಓಡಿದ ಬಾಗಿಲಲ್ಲೇ ಪ್ರಾಣೇಶ ನಿಂತಿದ್ದ. ಕೈಯಲ್ಲಿ ಅದೇ ಉಪ್ಪಿಟ್ಟಿನ ತಟ್ಟೆ.

"ಆರ್ಲಿಕ್ಕೆ ಹತ್ತದ," ಎಂದ, ಕಣ್ಣು ಪರದೆಯ ಮೇಲಿಟ್ಟು. "ಅಪ್ಪ ಕಾಯ್ಲಿಕ್ಕೆ ಹತ್ಯಾರ. ಏನು ಹೇಳ್ಲಿ?"

ಪ್ರೇಮಾಳ ಬೆರಳು ಗುಂಡಿಯ ಮೇಲೇ ಇತ್ತು, ಕರೆಂಟೂ ಇತ್ತು. ನೀವಾಗಿದ್ದರೆ ಎದ್ದು ಹೊರಡುತ್ತಿದ್ದಿರೋ, ಇನ್ನೊಂದು ಸಲ ಓಡಿಸಿ ನೋಡುತ್ತಿದ್ದಿರೋ?