ಮೋಟಾರಿಗೆ ಮಸಿ ಬಳಿದ ದಿನ

ಬೀದರಿನ ನಮ್ಮ ಮಿಷನ್ ದವಾಖಾನೆಗೆ ಒಂದು ಮೋಟಾರು ಇತ್ತು. ಅಮೇರಿಕದಿಂದ ಹಡಗಿನಲ್ಲಿ ಮುಂಬಯಿಗೆ, ಅಲ್ಲಿಂದ ರೈಲಿನಲ್ಲಿ ನಮ್ಮೂರಿಗೆ ಬಂದದ್ದು. ಮೈ ಕಡು ಹಸಿರು. ಆದರೂ ಊರಿನವರು ಅದನ್ನು ಬೆಳ್ಳಿ ಮೋಟಾರು ಎಂದೇ ಕರೆಯುತ್ತಿದ್ದರು. ಮುಂದಿನ ಜಾಳಿಗೆ, ಹಿಂದೆ ಮುಂದೆ ಬಂಪರು, ದೀಪಗಳ ಸುತ್ತಿನ ಬಳೆ, ಬಾಗಿಲ ಹಿಡಿಕೆ, ಚಕ್ರದ ನಡುವಿನ ಮುಚ್ಚಳ, ಮೈಯುದ್ದಕ್ಕೂ ಎಳೆದ ಬೆರಳಗಲದ ಪಟ್ಟಿ, ಎಲ್ಲವೂ ಕನ್ನಡಿಯಂತೆ ಹೊಳೆಯುತ್ತಿದ್ದವು. ನಮ್ಮ ಅಪ್ಪ ಸಾಲೋಮನ ಅದರ ಡ್ರೈವರು. ದಿನಾ ಬೆಳಿಗ್ಗೆ ಪ್ರಾರ್ಥನೆ ಮುಗಿಸಿದವರೇ ಮೆತ್ತನೆಯ ಬಟ್ಟೆ ಹಿಡಿದು ಅದನ್ನು ಒರೆಸಲು ಕೂಡುತ್ತಿದ್ದರು. ಚಿಕ್ಕವಳಿದ್ದಾಗ ನಾನು ಆ ಬಂಪರಿನಲ್ಲಿ ಮುಖ ನೋಡಿಕೊಂಡು ತಲೆ ಬಾಚಿಕೊಂಡದ್ದುಂಟು.

ಅದಕ್ಕೆ ಮಸಿ ಬಳಿದದ್ದು ೧೯೪೮ರ ಸೆಪ್ಟೆಂಬರಿನಲ್ಲಿ. ನನಗೆ ಆಗ ಹತ್ತೊಂಬತ್ತು. ಹೈದರಾಬಾದಿನಲ್ಲಿ ಕಾಲೇಜು ಮುಚ್ಚಿದ್ದರಿಂದ ಮನೆಗೆ ಬಂದು ದವಾಖಾನೆಯಲ್ಲಿ ನರ್ಸುಗಳಿಗೆ ಕೈನೆರವು ಮಾಡುತ್ತಿದ್ದೆ. ಹಿಂದುಸ್ತಾನದ ಸೈನ್ಯ ನಿಜಾಮನ ಸೀಮೆಯೊಳಗೆ ಬಂದಿತ್ತು. ಊರ ಹೊರಗೆ ಬಾಂಬು ಬಿದ್ದ ಸದ್ದಿಗೆ ನಮ್ಮ ಕಿಟಕಿಯ ಗಾಜುಗಳು ನಡುಗಿದ್ದವು. ರೈಲು ನಿಂತಿತ್ತು. ರಸ್ತೆಯ ಮೇಲೆ ಬಿಸಿಲಿಗೆ ಹೊಳೆದ ಲಾರಿಯೊಂದನ್ನು ವಿಮಾನ ಹುಡುಕಿಕೊಂಡು ಬಂದು ಸುಟ್ಟಿತೆಂದು ಜನ ಆಡಿಕೊಳ್ಳುತ್ತಿದ್ದರು. ನಿಜವೋ ಸುಳ್ಳೋ, ಅಪ್ಪ ಎರಡು ದಿನದಿಂದ ಮೋಟಾರನ್ನು ಶೆಡ್ಡಿನಿಂದ ಹೊರಗೆ ತೆಗೆದಿರಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಭಾಲ್ಕಿಯ ಕಿರಾಣಿ ಅಂಗಡಿಯ ಮನ್ಮಥಪ್ಪ ಸೈಕಲ್ ತುಳಿದುಕೊಂಡು ಬಂದರು. ಇಪ್ಪತ್ತೈದು ಮೈಲಿ. ಇಳಿದವರು ನಿಲ್ಲಲಾಗದೆ ದವಾಖಾನೆಯ ಗೋಡೆ ಹಿಡಿದರು. ಅವರ ಹೆಂಡತಿ ಕಸ್ತೂರಿಬಾಯಿಗೆ ಚೊಚ್ಚಲ ಹೆರಿಗೆ. ತವರು ಔರಾದ ತಾಲ್ಲೂಕಿನ ಎಕಂಬಾ. ಹೆರಿಗೆಗೆ ಅಲ್ಲಿಗೆ ಕಳಿಸಲು ಕಮಲನಗರದವರೆಗೆ ರೈಲು, ಮುಂದೆ ಬಂಡಿ ಎಂದು ಗೊತ್ತು ಮಾಡಿಕೊಂಡು ಬುತ್ತಿ ಕಟ್ಟಿಟ್ಟಾಗಲೇ ರೈಲು ನಿಂತುಹೋಗಿತ್ತು. ಬೇನೆ ಶುರುವಾಗಿ ಎರಡು ದಿನವಾದರೂ ಕೂಸು ಜರುಗಿಲ್ಲ, ಸೂಲಗಿತ್ತಿ ಕೈ ಬಿಟ್ಟಿದ್ದಾಳೆ ಎಂದರು.

ಡಾಕ್ಟರಬಾಯಿ ಎಲ್ಲಾ ಕೇಳಿ, "ಅಲ್ಲಿಗೆ ಹೋಗಿ ನಾ ಮಾಡೋದು ಏನೂ ಇಲ್ಲ. ಸಂಜಿಯೊಳಗ ಆಪರೇಷನ್ ಮೇಜಿಗೆ ಬಂದ್ರ ಇಬ್ಬರೂ ಉಳೀತಾರ" ಎಂದರು.  

ಅಪ್ಪ ಶೆಡ್ಡಿನ ಬಾಗಿಲು ತೆಗೆದರು. ಬೆಳಗಿನ ಬಿಸಿಲು ಒಳಗೆ ಬಿದ್ದು, ಬಂಪರಿಗೆ ತಾಗಿ, ಎದುರಿನ ಗೋಡೆಯ ಮೇಲೆ ಹಾಸಿಗೆಯಷ್ಟು ಅಗಲದ ಬೆಳಕು ಎದ್ದು ನಿಂತಿತು.

"ಮ್ಯಾಲೆ ಬಿಳಿ ಚಾದರ ಹೊಚ್ಚಿ ಕೆಂಪು ಶಿಲುಬಿ ಬರದ್ರ ಹ್ಯಾಂಗಪ್ಪಾ?" ಎಂದೆ ನಾನು.

"ಬರಿಯಮ್ಮಾ, ಅದೂ ಇರಲಿ. ಆದ್ರ ಶಿಲುಬಿ ಕಾಣೋಕಿಂತ ಮೊದಲ ಈ ಹೊಳಪು ಕಾಣ್ತದ. ಹತ್ತು ಮೈಲಿಯಿಂದ ಕಾಣ್ತದ."

"ಕೆಸರು ಹಚ್ರಿ ಅಣ್ಣಾ, ಬೇಕಾದಷ್ಟು ಅದ" ಎಂದರು ಮನ್ಮಥಪ್ಪ.

"ನೌಬಾದ ದಾಟೂದ್ರಾಗ ಒಣಗಿ ಉದುರ್ತದ್ರೀ" ಎಂದರು ಅಪ್ಪ. ನೌಬಾದ ಊರು ಬಿಟ್ಟ ಕೂಡಲೇ ಸಿಗುವ ಹಳ್ಳಿ.

ಪೇಟೆ ಮುಚ್ಚಿತ್ತು, ಬಣ್ಣ ಸಿಗುವಂತಿರಲಿಲ್ಲ. ಅಪ್ಪ ಸ್ವಲ್ಪ ಹೊತ್ತು ಬಂಪರನ್ನೇ ನೋಡುತ್ತಾ ನಿಂತು, ಊರಿನಲ್ಲಿ ವಸ್ತುಗಳನ್ನು ಕಪ್ಪು ಮಾಡುವುದನ್ನೇ ಕಸುಬು ಮಾಡಿಕೊಂಡವರೊಬ್ಬರನ್ನು ನೆನಪಿಸಿಕೊಂಡರು. ಹಿಂದಿನ ಓಣಿಯ ಬಿದರಿ ಕೆಲಸದ ಗುಲಾಮ ರಸೂಲ ಉಸ್ತಾದರು.

ಬಿದರಿ ಕೆಲಸ ನಾನು ಚಿಕ್ಕಂದಿನಿಂದ ನೋಡಿದ್ದೆ. ಜಸ್ತದ, ಅಂದರೆ ಸತುವಿನ, ಹೂಜಿಯ ಮೇಲೆ ಬಳ್ಳಿ ಕೊರೆದು, ಆ ಗೆರೆಯೊಳಗೆ ಬೆಳ್ಳಿಯ ತಂತಿ ಬಡಿದು ಕೂಡಿಸುತ್ತಾರೆ. ಕಡೆಗೆ ಹಳೇ ಕೋಟೆಯ ಮಣ್ಣನ್ನು ನವಸಾಗರವೆಂಬ ಉಪ್ಪಿನ ಜೊತೆ ನೀರಿನಲ್ಲಿ ಕುದಿಸಿ ಅದರಲ್ಲಿ ಅದ್ದಿದರೆ ಜಸ್ತ ಅಮಾವಾಸ್ಯೆಯಂತೆ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಬಿಸಿಲು ಮಳೆ ಕಾಣದ ಮೂಲೆಯ ಮಣ್ಣೇ ಆಗಬೇಕು. ಉಸ್ತಾದರು ಅದನ್ನು ನಾಲಿಗೆಯ ತುದಿಗೆ ಇಟ್ಟುಕೊಂಡು ರುಚಿ ನೋಡಿಯೇ ಆರಿಸುತ್ತಿದ್ದರು.

ಅಪ್ಪ ಹೇಳಿಕಳಿಸಿದಾಗ ಅವತ್ತೂ ಮಣ್ಣಿನ ಗಂಟು ಬಗಲಲ್ಲಿಟ್ಟುಕೊಂಡೇ ಬಂದರು. ಅರವತ್ತು ದಾಟಿದ, ಸಣಕಲು ಮೈಯ ಮುದುಕರು. ಮನ್ಮಥಪ್ಪನ ಮುಖ ನೋಡಿ, "ನೀರು ಕುಡದಿರೇನ್ರಿ?" ಎಂದು ಮೊದಲು ಅದನ್ನು ಕೇಳಿದರು. ಆಮೇಲೆ ಮೋಟಾರಿನ ಸುತ್ತ ಒಂದು ಸುತ್ತು ಬಂದರು.

"ಎಷ್ಟೊತ್ತು ಬೇಕು ಉಸ್ತಾದ?"

"ಕೆಟಲಿ ಕಾಯೋ ಅಷ್ಟು. ನನ್ನ ಮಣ್ಣಿಗೆ ಕರಿ ಆಗಲಾರದ್ದು ಯಾವುದದ ಸಾಲೋಮನ ಭಾಯಿ?"

ಮಣ್ಣು ಕುದಿಯಿತು. ಬಿಸಿ ಬಿಸಿಯಾಗಿ ಬಂಪರಿಗೆ ಮೆತ್ತಿದರು, ಕಾದರು, ನೀರು ಹೊಯ್ದು ತೊಳೆದರು. ಬಂಪರು ಮೊದಲಿಗಿಂತ ಹೆಚ್ಚು ಹೊಳೆಯಿತು. ಅಪ್ಪನ ಹತ್ತು ವರ್ಷದ ಒರೆಸುವಿಕೆಗೆ ಹೋಗದಿದ್ದ ಒಂದು ಕಲೆಯೂ ಹೋಗಿತ್ತು.

ಉಸ್ತಾದರು ಇನ್ನೂ ಒಂದು ಹಿಡಿ ನವಸಾಗರ ಹಾಕಿದರು. ಮತ್ತೆ ಮೆತ್ತಿದರು, ಮತ್ತೆ ತೊಳೆದರು. ಈ ಸಲ ಅವರ ಬಿಳಿ ಗಡ್ಡದ ಒಂದೊಂದು ಕೂದಲೂ ಅದರೊಳಗೆ ಕಾಣಿಸಿತು. ಉಗುರಿನಿಂದ ಕೆರೆದರು. ಮೂಸಿದರು. ನಾಲ್ಕೂ ಕಡೆ ನೋಡಿ ಬಗ್ಗಿ ನಾಲಿಗೆಯಿಂದ ನೆಕ್ಕಿಯೂ ನೋಡಿದರು.

"ಬೆಳ್ಳಿ ಅಲ್ಲ. ಜಸ್ತ ಅಲ್ಲ. ಇದು ಎಂಥಾ ಕಲಾಯಿ ಭಾಯಿ? ಏನೂ ಹಚ್ಚಿಸಿಕೊಳ್ಳವಲ್ಲದು." ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಬೆರಗಿತ್ತು. "ಐವತ್ತು ವರ್ಷ ಆತು, ಇಂಥಾದ್ದು ನೋಡಿಲ್ಲ ನಾ."

"ನೋಡೋದು ಆಮ್ಯಾಲೆ ನೋಡ್ರೀ ಅಜ್ಜಾ! ನನ್ನ ಹೆಂಡ್ತಿ ಸಾಯಾಕತ್ಯಾಳ!" ಎಂದು ಮನ್ಮಥಪ್ಪ ಕೂಗಿಬಿಟ್ಟರು. ಮರುಕ್ಷಣವೇ ಮುಖ ಮುಚ್ಚಿಕೊಂಡರು.

ಮುದುಕರು ಮಣ್ಣಿನ ಕೈ ತೊಳೆದುಕೊಂಡು ಮನ್ಮಥಪ್ಪನ ಬೆನ್ನ ಮೇಲೆ ಇಟ್ಟರು. "ತಪ್ಪು ನಂದು ಬೇಟಾ. ಅದು ತಾನಾಗಿ ಕರಿ ಆಗಂಗಿಲ್ಲ. ಮ್ಯಾಲೆ ಹೊಚ್ಚಬೇಕು." ಆಮೇಲೆ ನನ್ನ ಕಡೆ ತಿರುಗಿದರು. "ಎಮಿಲಿಬೇಟಿ, ಓಣಿಗೆ ಓಡು. ಹಂಚಿನ ಹಿಂದಿನ ಮಸಿ ಕೆರದು ಕೊಡ್ರಿ ಅನ್ನು. ಎಷ್ಟಿದ್ರ ಅಷ್ಟು."

ಬಿದರಿಯ ಅಚ್ಚು ಹೊಯ್ಯಲು ಅವರ ಮನೆಯಲ್ಲಿ ಔಡಲ ಎಣ್ಣೆ, ರಾಳ ಎರಡೂ ಇರುತ್ತಿದ್ದವು. ಮಸಿ ಬೆರೆಸಿ ಕಾಸಿದರೆ ಅಂಟಿ ಕೂಡುವ ಕಪ್ಪು ಬಣ್ಣವಾಗುತ್ತದೆಂದು ಅವರ ಲೆಕ್ಕ.

ನಾನು ಓಡಿದೆ. ಆ ವಾರದಲ್ಲಿ ನಮ್ಮ ಓಣಿಯಲ್ಲಿ ಯಾರ ಬಾಗಿಲೂ ಯಾರಿಗೂ ತೆರೆಯುತ್ತಿರಲಿಲ್ಲ. ಒಂದು ಜಾತಿಯವರು ಇನ್ನೊಂದು ಜಾತಿಯವರ ದನಿ ಕೇಳಿದರೆ ಅಗುಳಿ ಹಾಕಿಕೊಳ್ಳುತ್ತಿದ್ದರು. ನಾನು ಪ್ರತಿ ಬಾಗಿಲ ಹೊರಗೆ ನಿಂತು ಒಂದೇ ಮಾತು ಹೇಳಿದೆ: "ಭಾಲ್ಕ್ಯಾಗ ಒಬ್ಬಾಕಿಗೆ ಹೆರಿಗಿ ಆಗವಲ್ದು. ಮಸಿ ಬೇಕಾಗ್ಯದ." ಹೆರಿಗೆಗೂ ಮಸಿಗೂ ಏನು ಸಂಬಂಧವೆಂದು ಯಾರೂ ಕೇಳಲಿಲ್ಲ. ಅಗುಳಿ ತೆಗೆದ ಸದ್ದು ಒಂದರ ಹಿಂದೆ ಒಂದು ಕೇಳಿತು. ಲಿಂಗಾಯತರ ಮನೆಯಿಂದ ರೊಟ್ಟಿ ಹಂಚೇ ಬಂತು. ಬುರ್ಖಾದೊಳಗಿಂದ ಒಂದು ಕೈ ಚಾಚಿ ಮಸಿ ತುಂಬಿದ ಬಟ್ಟಲು ಕೊಟ್ಟಿತು. ನಮ್ಮ ಚರ್ಚಿನ ದೇಬೋರಾ ಆಂಟಿ ಮಗಳ ಮದುವೆಗೆಂದು ಮಾಡಿಟ್ಟಿದ್ದ ಕಾಡಿಗೆಯ ಡಬ್ಬಿಯನ್ನೂ ಉಡಿಯಲ್ಲಿ ಹಾಕಿದರು. ಉಡಿ ತುಂಬಾ ಓಣಿಯ ಮಸಿ ಹೊತ್ತು ಬರುವಾಗ ನನಗೆ ಚರ್ಚಿನಲ್ಲಿ ಮೊಣಕಾಲೂರಿದಾಗ ಆಗುವಂಥದ್ದೇ ಏನೋ ಆಯಿತು.

ಕಪ್ಪು ಕೂತಿತು. ಜಾಳಿಗೆ, ಬಳೆ, ಹಿಡಿಕೆ, ಪಟ್ಟಿ, ಒಂದೊಂದೇ ಕಣ್ಣು ಮುಚ್ಚಿದಂತೆ ಆರಿದವು. ಮುಂದಿನ ಗಾಜಿಗೂ ನೋಡಲು ಒಂದು ಗೇಣು ಬಿಟ್ಟು ಬಳಿದರು. ಹತ್ತು ವರ್ಷ ಒರೆಸಿದ್ದ ಅಪ್ಪ ತಾವೇ ಬಟ್ಟೆ ಅದ್ದಿ ಅದ್ದಿ ಕೊಟ್ಟರು. ಹಿಂದಿನ ಬಂಪರು ಉಸ್ತಾದರೊಬ್ಬರದೇ ಕೆಲಸ. ಅಪ್ಪ ಅಷ್ಟರಲ್ಲಿ ಇಂಜಿನ್ನಿಗೆ ನೀರು ತುಂಬಲು ಹೋಗಿದ್ದರು.

ಮೋಟಾರಿನ ಮೇಲೆ ಕೆಂಪು ಶಿಲುಬೆಯ ಚಾದರ ಬಿಗಿದು ಹನ್ನೊಂದೂವರೆಗೆ ಹೊರಟೆವು. ಅಪ್ಪ, ಮನ್ಮಥಪ್ಪ ಮುಂದೆ, ನಾನು ಹಿಂದೆ. ನೌಬಾದ ದಾಟಿದ ಮೇಲೆ ಎರಡೂ ಕಡೆ ಎರೆಹೊಲ, ತೊಗರಿ, ಮೇಲೆ ತೊಳೆದಿಟ್ಟಂಥ ಆಕಾಶ. ಒಂದು ಮೋಡವಿಲ್ಲ. ಭಾಲ್ಕಿ ಮುಟ್ಟಿದಾಗ ಒಂದೂವರೆ. ಕಸ್ತೂರಿಬಾಯಿಯನ್ನು ನಾಲ್ಕು ಜನ ಕೌದಿಯಲ್ಲಿ ಹೊತ್ತು ತಂದು ಹಿಂದಿನ ಸೀಟಿನಲ್ಲಿ ಮಲಗಿಸಿದರು. ಅತ್ತೆ ಸುಮಿತ್ರಾಬಾಯಿ ಸೊಸೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡರು. ನಾನು ಕಾಲ ಬಳಿ ಕೆಳಗೆ ಕೂತೆ. ಅವಸರದಲ್ಲೂ ಆ ತಾಯಿ ನನ್ನ ಕೈಗೆ ಎರಡು ರೊಟ್ಟಿ ಇಟ್ಟು, "ಮುಂಜಾನೆಯಿಂದ ಏನೂ ತಿಂದಿರಕ್ಕಿಲ್ಲ ನೀ" ಎಂದರು.

ಅಪ್ಪ ಕುಲುಕದಂತೆ ನಿಧಾನ ನಡೆಸಿದರು. ಅರ್ಧ ದಾರಿಯಲ್ಲಿ, ಒಂದು ಮರವೂ ಇಲ್ಲದ ಕಡೆ, ಆ ಸದ್ದು ಕೇಳಿತು. ಅಪ್ಪ ಮೋಟಾರು ನಿಲ್ಲಿಸಿ ಇಂಜಿನ್ ಆರಿಸಿದರು. ಓಡುತ್ತಿದ್ದರೆ ಏಳುವ ಧೂಳು ಮೇಲಿನಿಂದ ಕಾಣುತ್ತಿತ್ತು.

ನಾನು ಜೀವನದಲ್ಲಿ ವಿಮಾನವನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಹೊಲದ ಅಂಚಿನಿಂದ ಎದ್ದು ಬಂದಂತೆ ಬಂತು. ತೊಗರಿ ಗಿಡಗಳೆಲ್ಲಾ ಅದು ಹೋದ ಕಡೆಗೆ ಬಾಗಿದವು. ಅದರ ಹೊಟ್ಟೆ ಸೂರ್ಯನಿಗೆ ತಾಗಿ ಝಗ್ಗೆಂದಿತು. ಹೊಳಪು ಹುಡುಕಿಕೊಂಡು ಬಂದದ್ದೇ ಆ ಹೊತ್ತು ಭೂಮಿ ಆಕಾಶಗಳ ನಡುವೆ ಹೊಳೆಯುತ್ತಿದ್ದ ಒಂದೇ ವಸ್ತುವಾಗಿತ್ತು. ಹೆದರಿಕೆಯಲ್ಲೂ ನನಗೆ ಎಷ್ಟು ಚೆಂದ ಅನ್ನಿಸಿತು. ಈಗಲೂ ಹಾಗೆ ಅನ್ನಿಸಿದ್ದಕ್ಕೆ ನನಗೆ ನಾಚಿಕೆಯಿಲ್ಲ.

ಹೋಯಿತು ಎಂದುಕೊಂಡೆವು. ದೂರದಲ್ಲಿ ವಾಲಿ, ತಿರುಗಿ, ಮತ್ತೆ ನಮ್ಮ ಕಡೆಗೇ ಬಂತು. ಮೊದಲಿಗಿಂತ ಕೆಳಗೆ. ಕಸ್ತೂರಿಬಾಯಿ ನನ್ನ ಕೈ ಹಿಡಿದಳು. ನನ್ನ ಬಳೆ ಒಡೆಯಿತು. ಸದ್ದು ನಮ್ಮ ತಲೆಯ ಮೇಲೆ ಹಾದು, ಸಣ್ಣದಾಗಿ, ಇಲ್ಲವಾಯಿತು.

ಸುಮಿತ್ರಾಬಾಯಿ ಉಸಿರು ಬಿಟ್ಟು, "ಅದನ್ನೂ ಒಮ್ಮಿ ನಿಮ್ಮ ಉಸ್ತಾದನ ಕಡೆ ಕಳಸ್ರಪ್ಪಾ. ಕಣ್ಣು ಕುಕ್ತದ" ಎಂದರು. ಆ ನೋವಿನಲ್ಲೂ ಸೊಸೆ ನಕ್ಕಳು.

ಅಪ್ಪ ಮಾತ್ರ ನಗಲಿಲ್ಲ. "ಎರಡನೇ ಸಲ ಯಾಕ ಬಂತು?" ಎನ್ನುತ್ತಾ ಇಳಿದು ಮೋಟಾರಿನ ಸುತ್ತ ನಡೆದರು. ಹಿಂದೆ ಹೋಗಿ ನಿಂತುಬಿಟ್ಟರು. "ಏ ಮುದುಕಾ!" ಎಂಬ ಮಾತು ಕೇಳಿ ನಾನೂ ಇಳಿದೆ.

ಹಿಂದಿನ ಬಂಪರಿನ ನಡುವೆ, ಅಂಗೈಯಷ್ಟು ಜಾಗದಲ್ಲಿ, ಕಪ್ಪನ್ನು ಉಗುರಿನಿಂದ ಕೆರೆದು ಉಸ್ತಾದರು ಒಂದು ಹೂ ಬಿಡಿಸಿದ್ದರು. ಐದು ಎಸಳು, ಒಂದು ಎಲೆ, ಬಾಗಿದ ದಂಟು. ಕತ್ತಲೆಯಲ್ಲಿ ಹಚ್ಚಿದ ದೀಪದಂತೆ ಅದು ಉರಿಯುತ್ತಿತ್ತು. ಐವತ್ತು ವರ್ಷ ಕಪ್ಪಿನ ಮೇಲೆ ಬಿಳಿ ಹೂ ಮಾಡಿದ ಕೈ ಬರೀ ಕಪ್ಪನ್ನು ಬಿಟ್ಟು ಏಳಲಾರದೆ ಹೋಗಿತ್ತು.

ಅಪ್ಪ ರಸ್ತೆ ಬದಿಯ ತಗ್ಗಿನಿಂದ ಬಗ್ಗಿ ಕೆಸರು ತೆಗೆದುಕೊಂಡರು. ಮನ್ಮಥಪ್ಪ ಅವರ ಕೈ ಹಿಡಿದರು.

"ಕೆಸರು ನಿಲ್ಲಂಗಿಲ್ಲ ಅಂತ ನೀವೇ ಅಂದೀರಿ ಅಣ್ಣಾ. ಮುಂಜಾನೆ ಆ ಹಿರಿಯನ ಮ್ಯಾಲೆ ಒದರಿದೆ. ಈಗ ಅವರ ಹೂವಿನ ಮ್ಯಾಲೆ ಕೆಸರು ಬ್ಯಾಡ. ನಾ ಕೂಡ್ತೇನಿ."

ಹೇಳಿದವರೇ ಹಿಂದಿನ ಬಂಪರಿನ ಮೇಲೆ, ಸರಿಯಾಗಿ ಹೂವಿನ ಮೇಲೆ ಕೂತರು. ಮೋಟಾರಿನ ಹಿಂದೆ ಕಟ್ಟಿದ್ದ ಬದಲಿ ಚಕ್ರವನ್ನು ತಬ್ಬಿ ಹಿಡಿದುಕೊಂಡರು. ಬೀದರು ಇನ್ನೂ ಹದಿಮೂರು ಮೈಲಿ ಇತ್ತು. ಹಿಂದಿನ ಸಣ್ಣ ಗಾಜಿನಲ್ಲಿ ದಾರಿಯುದ್ದಕ್ಕೂ ಅವರ ಧೂಳು ತುಂಬಿದ ತಲೆ ಮೇಲೆ ಕೆಳಗೆ ಆಗುವುದು ನನಗೆ ಕಾಣುತ್ತಿತ್ತು. ಪ್ರತಿ ಗುಂಡಿಗೂ ಕಸ್ತೂರಿಬಾಯಿ, "ಬಿದ್ದರೇನು? ನೋಡವ್ವಾ, ಬಿದ್ದರೇನು?" ಎಂದು ಕೇಳುತ್ತಿದ್ದಳು.

ದವಾಖಾನೆಯ ಗೇಟಿನಲ್ಲಿ ಉಸ್ತಾದರು ಉಳಿದ ಬಣ್ಣದ ಡಬ್ಬಿ ಹಿಡಿದು ಮಧ್ಯಾಹ್ನದಿಂದ ನಿಂತಿದ್ದರಂತೆ. ಸ್ಟ್ರೆಚರು ಒಳಗೆ ಹೋದ ಮೇಲೆ ಮನ್ಮಥಪ್ಪ ಇಳಿದು ಅದರ ಹಿಂದೆ ಓಡಿದರು. ಆಗ ನಾವೆಲ್ಲ ನೋಡಿದೆವು. ಅವರ ಬಿಳಿ ಧೋತರದ ಹಿಂಭಾಗವೆಲ್ಲಾ ಒಣಗದ ಬಣ್ಣ ಹತ್ತಿ ಕಪ್ಪಾಗಿತ್ತು. ಕೆರೆದ ಜಾಗದಲ್ಲಿ ಬಣ್ಣವಿರಲಿಲ್ಲವಲ್ಲ. ಆ ಕಪ್ಪಿನ ನಡುವೆ ಐದು ಎಸಳಿನ ಬಿಳಿ ಹೂ ಅರಳಿತ್ತು.

ಉಸ್ತಾದರು ಎರಡೂ ಕೈಯಿಂದ ಕಿವಿ ಹಿಡಿದುಕೊಂಡರು. "ತೌಬಾ, ತೌಬಾ. ಕೈ ಕೇಳಲಿಲ್ಲ ಭಾಯಿ. ಕೈ ಕೇಳಲಿಲ್ಲ." ಅಪ್ಪ ದಾರಿಯುದ್ದಕ್ಕೂ ಕೂಡಿಟ್ಟುಕೊಂಡು ಬಂದಿದ್ದ ಬೈಗುಳವನ್ನು ನುಂಗಿ, ಅವರ ಹೆಗಲು ಹಿಡಿದು ಒಳಗೆ ಕರೆದುಕೊಂಡು ಹೋಗಿ ಬೆಂಚಿನ ಮೇಲೆ ಕೂಡಿಸಿದರು. ಸಂಜೆ ಆರಕ್ಕೆ ಹೆಣ್ಣು ಕೂಸು ಅತ್ತಿತು. ತಾಯಿಯೂ ಉಳಿದಳು.

ಎರಡು ಮೂರು ದಿನದಲ್ಲಿ ಎಲ್ಲಾ ಮುಗಿಯಿತು. ಸೈನ್ಯ ಬಂತು, ನಿಜಾಮನ ರಾಜ್ಯ ಹೋಯಿತು. ಆದರೆ ನಿನ್ನೆಯವರೆಗೆ ಒಂದು ಓಣಿಯಲ್ಲಿದ್ದ ಹೆದರಿಕೆ ಇವತ್ತು ಇನ್ನೊಂದು ಓಣಿಗೆ, ಮುಸಲ್ಮಾನರ ಮನೆಗಳಿಗೆ, ಹೋಯಿತು. ಉಸ್ತಾದರ ಮನೆಯ ಬಾಗಿಲು ತೆರೆಯಲಿಲ್ಲ. ಸುತ್ತಿಗೆಯ ಸದ್ದೂ ನಿಂತಿತು.

ಒಂದು ಮಧ್ಯಾಹ್ನ ಅಮ್ಮ ಕೊಟ್ಟ ಹಾಲು ತೆಗೆದುಕೊಂಡು ಹೋದೆ. ಆ ಬಾಗಿಲ ಮುಂದಿನ ಕಟ್ಟೆಯ ಮೇಲೆ ಮನ್ಮಥಪ್ಪ ಕೂತಿದ್ದರು, ಹಣೆ ತುಂಬಾ ವಿಭೂತಿ. ಅಪ್ಪ ತಮ್ಮ ಮಡಿ ಧೋತರ ಕೊಟ್ಟಿದ್ದರೂ ಉಟ್ಟಿದ್ದು ಆ ಕಪ್ಪಾದದ್ದನ್ನೇ. ಓಣಿಯ ತುದಿಯಿಂದ ಏಳೆಂಟು ಜನ ಬಡಿಗೆ ಹಿಡಿದು ಬಂದರು.

"ಇದು ಯಾರ ಮನಿ?"

"ನಮ್ದ್ರೀ" ಎಂದರು ಮನ್ಮಥಪ್ಪ. ಏಳಲಿಲ್ಲ. "ಹೆಂಡ್ತಿ ಹಡದಾಳ. ಗದ್ದಲ ಮಾಡಬ್ಯಾಡ್ರಿ."

ಅವರು ವಿಭೂತಿ ನೋಡಿದರು, ನನ್ನ ಕೈಯ ಹಾಲಿನ ತಂಬಿಗೆ ನೋಡಿದರು, ಹೋದರು.

ಅವರ ಹೆಜ್ಜೆಯ ಸದ್ದು ಅಡಗಿದ ಮೇಲೆ ಮನ್ಮಥಪ್ಪ ಎದ್ದರು.  ನನ್ನಿಂದ ತಂಬಿಗೆ ತೆಗೆದುಕೊಳ್ಳಲು ಬಾಗಿಲಿಗೆ ಬೆನ್ನು ಮಾಡಿ ನಿಂತರು; ಧೋತರದ ಹೂ ಕದದ ಕಡೆಗಾಯಿತು. ಹಿಂದೆ ಕದ ನಾಲ್ಕು ಬೆರಳಷ್ಟು ತೆರೆಯಿತು. ಕತ್ತಲೆಯೊಳಗಿಂದ ಉಸ್ತಾದರ ದನಿ ಬಂತು, ಅಳುತ್ತಿದ್ದ ದನಿ:

"ಬೇಟಾ, ಎಡಗಡಿ ಎಸಳು ಜರುಗ್ಯದ. ಒಳಗ ಬಾ. ತಿದ್ದಿ ಕೊಡ್ತೇನಿ."