ಮೊಳೆ ಹೊಡೆಯದ ಹಲಗೆ

ಬಡಗಿ ಅಕ್ಕನಿಗೆ ಸಿಟ್ಟು ಬಂದರೆ ಉದ್ಯಾನದ ಮಾಲಿಗಳು ನೀರಿನ ಪೈಪು ಬಿಸಾಕಿ ಗಿಡದ ಮರೆಗೆ ಸರಿಯುತ್ತಿದ್ದರು. ಅವತ್ತು ಬೆಳಿಗ್ಗೆ ಬಂದದ್ದು ಅಂಥಿಂಥ ಸಿಟ್ಟಲ್ಲ. ಅವಳ ತಮ್ಮ ಸೊಂಟದ ತನಕ ಕೆಸರಾಗಿ ಹಲಗೆ ದಾರಿಯ ಮೇಲೆ ಕೂತಿದ್ದ. ಅವನನ್ನು ಈಗಷ್ಟೇ ಮೇಲಕ್ಕೆಳೆದ ಅವಳ ಗಂಡ, ಸೊಂಟಕ್ಕೆ ಸುತ್ತಿಗೆ ಸಿಕ್ಕಿಸಿಕೊಂಡು, ಪಿಳಿಪಿಳಿ ಕಣ್ಣು ಬಿಡುತ್ತ ನಿಂತಿದ್ದ.

ಉದ್ಯಾನದ ಹಿಂಬಾಗಿಲಿನಿಂದ ಹೊರಟ ಆ ದಾರಿ, ಯಾರೂ ಕಾಲಿಡಬಾರದೆಂದು ಕಾಪಾಡಿಟ್ಟ ಜೌಗಿನ ಮೇಲೆ, ಜೊಂಡಿನ ನಡುವೆ ತಿರುತಿರುಗಿ ಹಕ್ಕಿ ನೋಡುವ ಗುಡಿಸಲಿಗೆ ಹೋಗುತ್ತದೆ. ನೋಟಕ್ಕೆ ಅಡ್ಡವಾಗುತ್ತದೆಂದು ಅಕ್ಕಪಕ್ಕ ಕಂಬಿ ಹಾಕಿಲ್ಲ. ಹಲಗೆ ಕೊಳೆತರೆ ಬದಲಿಸುವುದು, ಮೊಳೆ ಎದ್ದರೆ ಬಡಿಯುವುದು ಅವಳ ಕೆಲಸ. ಗಂಡನದು ಉದ್ಯಾನದ ಬೆಂಚು, ಗೇಟುಗಳ ಉಸಾಬರಿ.

ತಮ್ಮ, ಕಣ್ಣು ಹೋದ ಮೇಲೆ, ಮನೆಯ ಮೂಲೆ ಹಿಡಿದಿದ್ದ. ಗೋಗರೆದು ಕೈ ಹಿಡಿದು ಈ ದಾರಿಗೆ ಕರೆತಂದವಳು ಅಕ್ಕ. ಬರಬರುತ್ತ ಅವನೇ ಕೈ ಬಿಡಿಸಿಕೊಂಡ. ಒಬ್ಬನೇ ಹೋಗಿ, ಗುಡಿಸಲಲ್ಲಿ ಕೂತು, ಹಕ್ಕಿಗಳ ಗದ್ದಲ ಕೇಳಿ ಬರತೊಡಗಿದ. "ಪ್ರತಿ ತಿರುವಿಗೂ ಮೊದಲು ಒಂದು ಹಲಗೆ ಕಟಕ್ ಅನ್ನತ್ತೆ. ನಾನೇ ಕಂಡುಹಿಡಿದೆ!" ಎಂದು ಸಿಕ್ಕಸಿಕ್ಕವರಿಗೆಲ್ಲ ಜಂಬ ಕೊಚ್ಚಿದ್ದೇ ಕೊಚ್ಚಿದ್ದು. ಎಷ್ಟೋ ಕಾಲದ ಮೇಲೆ ಅವನ ನಗು ಕಂಡಿದ್ದ ಅಕ್ಕ, "ಹೌದಪ್ಪಾ ಜಾಣ" ಎಂದು ಸುಮ್ಮನಾಗಿದ್ದಳು.

ಆ ಹಲಗೆಗಳ ಒಂದು ಕಡೆಗೆ ಮೊಳೆ ಹೊಡೆಯದೆ ಬಿಟ್ಟವಳು ಅವಳೇ. ಗಂಡನಿಗೂ ಹೇಳಿರಲಿಲ್ಲ, ಅವನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಈಗ ನೋಡಿದರೆ, ಹೊಸ ಮೇಲ್ವಿಚಾರಕ "ಅರ್ಧಂಬರ್ಧ ಕೆಲಸ" ಎಂದು ಗೊಣಗಿದ್ದು ಕಿವಿಗೆ ಬಿದ್ದು, ಹೆಂಡತಿ ಬೈಸಿಕೊಳ್ಳದಿರಲಿ ಎಂದು ಆ ಪುಣ್ಯಾತ್ಮ ನಸುಕಿನಲ್ಲೇ ಬಂದು ಸಡಿಲ ಹಲಗೆಗಳಿಗೆಲ್ಲ ಮೊಳೆ ಜಡಿದಿದ್ದ. ಕಟಕ್ ಎನ್ನುವುದನ್ನೇ ಕಾಯುತ್ತ ನಡೆದ ತಮ್ಮ, ಮೊದಲ ತಿರುವಿನಲ್ಲೇ ನೆಟ್ಟಗೆ ಜೌಗಿಗೆ ಇಳಿದಿದ್ದ.

ಅಕ್ಕನಿಗೆ ಪಿತ್ತ ನೆತ್ತಿಗೇರಿತು. "ನನ್ನ ಕೆಲಸಕ್ಕೆ ಯಾಕ್ರೀ ಮೂಗು ತೂರಿಸ್ತೀರಾ?"

"ಅಲ್ವೇ, ನಿನಗೆ ಒಳ್ಳೇದಾಗ್ಲಿ ಅಂತ..."

"ಒಳ್ಳೇದಂತೆ ಒಳ್ಳೇದು! ಬೆಂಕಿ ಹಾಕ ನಿಮ್ಮ ಒಳ್ಳೇತನಕ್ಕೆ! ನನಗೇನು ಮೊಳೆ ಹೊಡೆಯೋಕೆ ಬರಲ್ವಾ? ಬೇಕೂ ಅಂತ ಬಿಟ್ಟಿದ್ದೆ ಕಣ್ರೀ! ಅವನಿಗೆ ತಿರುವು ಗೊತ್ತಾಗ್ಲಿ ಅಂತ!"

ನಾಲಿಗೆ ಕಚ್ಚಿಕೊಂಡಳು. ಕಚ್ಚಿಕೊಂಡು ಏನು ಬಂತು, ಮಾತು ಆಡಿ ಆಗಿತ್ತು.

ಕೆಸರು ಒರೆಸಿಕೊಳ್ಳುತ್ತಿದ್ದ ತಮ್ಮನ ಕೈ ನಿಂತಿತು. "ಅಂದ್ರೆ ಇಷ್ಟು ದಿನ ನೀನೇ ಕೈ ಹಿಡಿದು ನಡೆಸಿದೀಯ. ನಾನು ಊರೆಲ್ಲ ಬಾಯಿ ಬಡ್ಕೊಂಡು ಹೇಳಿದ್ದು, ನೀನು ಒಳಗೊಳಗೇ ನಕ್ಕಿದ್ದು."

"ನಗಲಿಲ್ಲ ಕಣೋ."

"ನಕ್ಕಿದ್ರೆ ಪರವಾಗಿರ್ಲಿಲ್ಲ. ಅಯ್ಯೋ ಪಾಪ ಅಂದ್ಯಲ್ಲ!"

"ಅಂದೆ! ಏನೀಗ? ಬಿದ್ದು ಸಾಯ್ಲಿ ಅಂತ ಬಿಡಬೇಕಿತ್ತಾ? ಅಕ್ಕ ಕಣೋ ನಾನು!" ಅವಳು ತೋಳಿನಿಂದ ಕಣ್ಣನ್ನು ಒರಟಾಗಿ ಒರೆಸಿಕೊಂಡಳು. ಆ ಅಳುವಿನ ಮೇಲೂ ಅವಳಿಗೆ ಕೆಟ್ಟ ಕೋಪ ಬಂತು.

ತಮ್ಮ ಕೈ ಚಾಚಿದ. "ಮೊಳೆ ಕೀಳೋ ಸಲಾಕೆ ಕೊಡು."

ಕೊಟ್ಟಳು. ಅವನು ಮಂಡಿಯೂರಿ ಹಲಗೆಗಳ ಅಂಚು ಸವರುತ್ತ, ಅವಳು ಮೊಳೆ ಹೊಡೆಯದೆ ಬಿಟ್ಟಿದ್ದ ಹಲಗೆಯನ್ನೂ ದಾಟಿ ತಿರುವಿನಿಂದ ಇನ್ನೂ ಹಿಂದಕ್ಕೆ ಹೋದ.

"ಅದಲ್ಲ ಕಣೋ, ಮುಂದಿನದು," ಎಂದಳು ಅಕ್ಕ.

"ನೀನು ಬಿಟ್ಟಿದ್ದು ತಿರುವಿಗೆ ತೀರಾ ಹತ್ತಿರ. ಕಟಕ್ ಅನ್ನೋ ಹೊತ್ತಿಗೆ ಇನ್ನೊಂದು ಕಾಲು ಗಾಳೀಲಿರ್ತಿತ್ತು, ದಿನಾ. ಹೇಳಿದ್ರೆ ಹೆದರ್ಕೊಂಡು ಮತ್ತೆ ಕೈ ಹಿಡ್ಕೋತೀಯ ಅಂತ ಬಾಯಿ ಮುಚ್ಕೊಂಡಿದ್ದೆ."

ಅಕ್ಕ ತಿರುಗಿ ಆ ತಿರುವಿನ ಅಂಚನ್ನು ನೋಡಿದಳು. ದಿನಾ ಅವನು ಹೋಗುವುದನ್ನು ಹಿಂಬಾಗಿಲಲ್ಲಿ ನಿಂತು ನೋಡಿ, ಇನ್ನು ಚಿಂತೆಯಿಲ್ಲ ಎಂದು ಕೆಲಸಕ್ಕೆ ಹೋಗುತ್ತಿದ್ದವಳು ಅವಳು.

"ಮೇಲ್ವಿಚಾರಕರು ಕೇಳಿದ್ರೆ ಏನನ್ಲಿ?" ಎಂದ ಗಂಡ, ಮೆಲ್ಲಗೆ.

"ನಾನು ಕಿತ್ತೆ ಅನ್ನಿ, ಭಾವ."

ತಮ್ಮ, ಸಲಾಕೆಯನ್ನು ಮೊಳೆಯ ತಲೆಯಡಿಗೆ ಕೊಟ್ಟು ಮೀಟಿದ. ಅದು ಜಾರಿ ಅವನ ಬೆರಳು ತರಚಿತು. ಅಕ್ಕ ಧಾವಿಸಿ ಬಗ್ಗಿದಳು.

"ಮುಟ್ಟಬೇಡ!" ಎಂದು ಗದರಿದ.

ಅವಳು ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಹಲ್ಲು ಕಚ್ಚಿ, ಆ ಮೊಳೆ ಕಿರುಗುಟ್ಟುತ್ತ ಮೇಲೇಳುವ ತನಕ ನಿಂತೇ ಇದ್ದಳು.