ಡೆಲ್‌ಮರ್‌ನ ಕಹಳೆ

ರಾಯ್ಸ್ ಕಹಳೆಯನ್ನು ವರ್ನನ್‌ನ ಎದೆಗೆ ಒತ್ತಿ ಹಿಡಿದ. ವರ್ನನ್ ಅದನ್ನು ಅಷ್ಟೇ ಜೋರಾಗಿ ಹಿಂದಕ್ಕೆ ತಳ್ಳಿದ. ಇಬ್ಬರೂ ಎಪ್ಪತ್ತೈದು ದಾಟಿದವರು, ಇಬ್ಬರ ಕೈಗೂ ಬಿಳಿ ಕೈಗವಸು. ಚರ್ಚಿನ ಮುಂದೆ ಕಾರು ನಿಲ್ಲಿಸುತ್ತಿದ್ದವರಿಗೆ ಅದು ಮಕ್ಕಳ ಜಗಳದಂತೆ ಕಂಡಿರಬೇಕು.

"ನನ್ನ ಕೈಲಾಗಲ್ಲ. ಬೇರೆ ಯಾರಿಗಾದ್ರೂ ಕೊಡು."

"ಬೇರೆ ಯಾರಿದಾರೋ ಮಾರಾಯ? ಕ್ಲೈಡ್‌ಗೆ ಕಣ್ಣು ಕಾಣಲ್ಲ, ನಾನು ಆರ್ಡರ್ ಕೊಡ್ಬೇಕು. ಮೇಲಾಗಿ ಡೆಲ್‌ಮರ್ ಹೆಂಡ್ತೀನೇ ನಿನ್ನ ಹೆಸರು ಹೇಳಿದಾಳೆ."

"ನಾಲ್ಕು ವರ್ಷ ಅವನ ಹತ್ರ ಒಂದು ಮಾತೂ ಆಡಿಲ್ಲ ನಾನು. ಈಗ ಅವನ ತಲೆ ಹತ್ರ ನಿಂತು ನಾಟಕ ಆಡ್ಲಾ?"

ನಮ್ಮ ಕಣಿವೆಯಲ್ಲಿ ಸೈನ್ಯದಲ್ಲಿದ್ದವರು ಯಾರೇ ಸತ್ತರೂ ಮಾಜಿ ಸೈನಿಕರ ಹಾಲ್‌ನ ಈ ಏಳೆಂಟು ಮುದುಕರೇ ಕೊನೆಯ ಗೌರವ ಸಲ್ಲಿಸುವುದು. ಮೂರು ಸುತ್ತು ಗುಂಡು, ಕಹಳೆ, ಆಮೇಲೆ ಪೆಟ್ಟಿಗೆಯ ಮೇಲಿನ ಬಾವುಟ ಮಡಚಿ ಮನೆಯವರ ಕೈಗೆ. ಕಹಳೆ ಊದುವುದಕ್ಕೆ ಮಾತ್ರ ಇವರಲ್ಲಿ ಯಾರಿಗೂ ಬಾರದು. ಅದರ ಬಾಯೊಳಗೆ ಒಂದು ಚಿಕ್ಕ ಯಂತ್ರ ಕೂರಿಸಿದ್ದಾರೆ. ಬಟನ್ ಒತ್ತಿ, ತುಟಿಗೆ ಹಿಡಿದು ಕೆನ್ನೆ ಉಬ್ಬಿಸಿದರೆ ಸಾಕು, ಅದೇ ಹಾಡುತ್ತದೆ. ಡೆಲ್‌ಮರ್ ಸ್ಟಕಿ ಹದಿನೆಂಟು ವರ್ಷ ಹೀಗೆ ಕೆನ್ನೆ ಉಬ್ಬಿಸಿದ. ಗಂಡನನ್ನು ಕಳೆದುಕೊಂಡ ಹೆಂಗಸರು ಬಂದು "ಎಷ್ಟು ಚೆನ್ನಾಗಿ ಊದಿದ್ರಿ" ಎಂದು ಕೈ ಹಿಡಿದು ಅತ್ತರೆ ಸುಮ್ಮನೆ ತಲೆ ತಗ್ಗಿಸುತ್ತಿದ್ದ. ಸುಳ್ಳು ಹೇಳಲು ಬಾರದು, ನಿಜ ಹೇಳುವಷ್ಟು ಕಲ್ಲೆದೆಯೂ ಇಲ್ಲ. ಇವತ್ತು ಪೆಟ್ಟಿಗೆಯಲ್ಲಿ ಅವನೇ ಮಲಗಿದ್ದ.

*

ಹಿಂದಿನ ಸಲದ ಅಧ್ಯಕ್ಷ ಚುನಾವಣೆಯಲ್ಲಿ ಒಬ್ಬ ಅಭ್ಯರ್ಥಿ ಪಕ್ಕದ ಊರಿಗೆ ಭಾಷಣಕ್ಕೆ ಬಂದಿದ್ದ. ಸೈನಿಕರ ಓಟು ಬೇಕೆಂದರೆ ಬೆನ್ನ ಹಿಂದೆ ಸೈನ್ಯದ ಟೋಪಿ ಹಾಕಿದ ಮುದುಕರು ಕಾಣಬೇಕಲ್ಲ! ವರ್ನನ್ ಮನೆಯಲ್ಲಿ ಟಿವಿ ನೋಡುತ್ತಿದ್ದ. ನೋಡಿದರೆ ಅಭ್ಯರ್ಥಿಯ ಭುಜದಾಚೆ ಡೆಲ್‌ಮರ್! ಶವಸಂಸ್ಕಾರಕ್ಕೆಂದೇ ಇಟ್ಟ ಟೋಪಿ, ಬಿಳಿ ಕೈಗವಸು ಹಾಕಿಕೊಂಡು ಒಂದು ಪುಟಾಣಿ ಬಾವುಟ ಅಲ್ಲಾಡಿಸುತ್ತಿದ್ದ.

ಮರುದಿನ ಹಾಲ್‌ನಲ್ಲಿ ಎಲ್ಲರೆದುರು ವರ್ನನ್ ಅವನಿಗೆ ಮಂಗಳಾರತಿ ಎತ್ತಿದ.

"ಈ ಕೈಗವಸಲ್ಲಿ ನಾವು ಸತ್ತೋರನ್ನ ಕಳಿಸಿಕೊಡ್ತೀವಿ ಕಣೋ. ಯಾವನೋ ಓಟು ಕೇಳೋಕೆ ಬಂದ್ರೆ ಗೊಂಬೆ ತರ ಹಿಂದೆ ನಿಂತ್ಯಲ್ಲ, ನಾಚಿಕೆ ಆಗ್ಲಿಲ್ವಾ?"

ಡೆಲ್‌ಮರ್ ತನ್ನ ಕಾಫಿ ಲೋಟ ತೊಳೆದಿಟ್ಟು ಮನೆಗೆ ಹೋದ.

ವರ್ನನ್‌ನ ಎಡಗಾಲು ಕೃತಕದ್ದು. ಅದು ಉಜ್ಜಿ ಹುಣ್ಣಾದಾಗಲೆಲ್ಲ ತೊಂಬತ್ತು ಮೈಲಿ ದೂರದ ಸೈನಿಕರ ಆಸ್ಪತ್ರೆಗೆ ಡೆಲ್‌ಮರ್ ತನ್ನ ಟ್ರಕ್ಕಿನಲ್ಲಿ ಕರೆದೊಯ್ಯುತ್ತಿದ್ದ. ಅಂದಿನಿಂದ ವರ್ನನ್ ಬಸ್ಸು ಹಿಡಿದ. ಆಮೇಲೂ ಅರವತ್ತು ಸಾವಿಗೆ ಇಬ್ಬರೂ ಹತ್ತಡಿ ದೂರದಲ್ಲಿ ನಿಂತರು. ಒಬ್ಬ ಕಹಳೆ ಹಿಡಿದ, ಇನ್ನೊಬ್ಬ ಬಾವುಟ ಮಡಚಿದ. ಮಾತು ಮಾತ್ರ ಇಲ್ಲ.

*

ಚರ್ಚಿನೊಳಗಿಂದ ಡೆಲ್‌ಮರ್‌ನ ಹೆಂಡತಿ ಲೋರ್ನಾ ಬಂದಳು. ಕೈಯಲ್ಲಿ ಕತ್ತರಿಯಿತ್ತು. ಮತ್ತೆ ಚುನಾವಣೆ ಹತ್ತಿರ ಬಂದಿದ್ದರಿಂದ ಎರಡೂ ಪಕ್ಷಗಳವರು ಹೂವಿನ ಚಕ್ರ ಕಳಿಸಿದ್ದರು. ಹೂವನ್ನು ಇಟ್ಟುಕೊಂಡು ಪಕ್ಷದ ಹೆಸರಿದ್ದ ರಿಬ್ಬನ್‌ಗಳನ್ನು ಅವಳು ಕತ್ತರಿಸಿ ಹಾಕಿದ್ದಳು.

"ವರ್ನನ್, ಕಹಳೆ ನೀನೇ ಹಿಡೀತೀಯ ತಾನೇ?"

"ಲೋರ್ನಾ, ಅವತ್ತು ಅವನು ಆ ವೇದಿಕೆ ಮೇಲೆ..."

"ಅವತ್ತು ಹೋಗಿದ್ದು ನಿನಗೋಸ್ಕರ." ಅವಳ ದನಿಯಲ್ಲಿ ಸಿಟ್ಟಿತ್ತು. "ಬಂದು ನಿಂತ್ಕೊಳ್ಳಿ ಅಂತ ಆ ಅಭ್ಯರ್ಥಿ ಕಡೆಯೋರು ಕೇಳಿದ್ರು. ಒಂದು ಕಾಗದ ಆ ಮನುಷ್ಯನ ಕೈಗೇ ಕೊಡೋಕೆ ಬಿಟ್ರೆ ಬರ್ತೀನಿ ಅಂದ. ನಮ್ಮ ಕಣಿವೇಲೊಂದು ಸೈನಿಕರ ಕ್ಲಿನಿಕ್ ಮಾಡಿ, ನನ್ನ ಸ್ನೇಹಿತ ಒಂದು ಕಾಲಲ್ಲಿ ತೊಂಬತ್ತು ಮೈಲಿ ಹೋಗಿ ಬರ್ತಾನೆ ಅಂತ. ಮೂರು ಸಲ ತಿದ್ದಿ ಬರೆದ, ನಾನೇ ಟೈಪ್ ಮಾಡ್ದೆ. ಟೋಪಿ, ಕೈಗವಸು ಇದ್ರೆ ಮರ್ಯಾದೆಯಿಂದ ಓದ್ತಾರೆ ಅಂದ್ಕೊಂಡಿದ್ದ, ಪೆದ್ದ."

"ಕೊಟ್ನಾ?"

"ವೇದಿಕೆ ಮೆಟ್ಟಿಲ ಹತ್ರಾನೇ ಅವರ ಕಡೆ ಯಾವಳೋ ಅದನ್ನ ಇಸ್ಕೊಂಡು ಫೈಲಲ್ಲಿ ಸೇರಿಸಿದ್ಳಂತೆ. ಕೈಗೊಂದು ಬಾವುಟ ಕೊಟ್ಟು ಮೇಲೆ ಕಳಿಸಿದ್ಳು."

ವರ್ನನ್ ಚರ್ಚಿನ ಬಾಗಿಲತ್ತ ನೋಡಿದ. "ನಂಗೊಂದು ಮಾತು ಹೇಳ್ಬಾರ್ದಿತ್ತಾ ಅವನು?"

"ನಾನೂ ಅದೇ ಬಡ್ಕೊಂಡೆ. ಕ್ಲಿನಿಕ್ ಬರ್ಲಿ, ಆಮೇಲೆ ಹೇಳ್ತೀನಿ ಅಂತಿದ್ದ."

ಕ್ಲಿನಿಕ್ ಬಂದಿರಲಿಲ್ಲ.

"ಓಟೂ ಆ ಮನುಷ್ಯನಿಗೇ ಹಾಕಿದ್ನಾ?" ರಾಯ್ಸ್ ಮೆಲ್ಲಗೆ ಕೇಳಿದ.

"ಯಾರಿಗೆ ಗೊತ್ತು? ಐವತ್ತೊಂದು ವರ್ಷ ಸಂಸಾರ ಮಾಡಿದೀನಿ, ಓಟಿನ ವಿಷಯ ಒಂದು ದಿನ ಬಾಯಿ ಬಿಟ್ಟೋನಲ್ಲ."

ವರ್ನನ್ ಕೈ ಚಾಚಿ ಕಹಳೆ ತೆಗೆದುಕೊಂಡ.

*

ಗುಡ್ಡದ ಮೇಲಿನ ಸ್ಮಶಾನದಲ್ಲಿ ಮೂರು ಸುತ್ತು ಗುಂಡು ಹಾರಿತು. ರಾಯ್ಸ್ ಕೂಗಿದೊಡನೆ ಮುದುಕರೆಲ್ಲ ಸೆಲ್ಯೂಟ್ ಹೊಡೆದರು. ವರ್ನನ್ ಬಟನ್ ಒತ್ತಿ ಕಹಳೆಯನ್ನು ತುಟಿಗಿಟ್ಟ. ಇಪ್ಪತ್ತನಾಲ್ಕು ಸ್ವರಗಳೂ ಒಂದೂ ತಪ್ಪದೆ ಬಂದವು. ಲೋರ್ನಾ ಕಣ್ಣು ಮುಚ್ಚಿ ಕೇಳಿದಳು.

ಕಹಳೆ ಕೆಳಗಿಳಿದ ಮೇಲೆಯೇ ಸೆಲ್ಯೂಟ್ ಇಳಿಯುವುದು ಇವರ ಪದ್ಧತಿ. ಬಾವುಟ ಮಡಚುವುದು ಆಮೇಲೆ. ವರ್ನನ್ ಕಹಳೆ ಇಳಿಸಲಿಲ್ಲ. ಯಂತ್ರ ನಿಂತು ಎಷ್ಟೋ ಹೊತ್ತಾಗಿತ್ತು. ಅವನು ಕಣ್ಣೀರು ಸುರಿಸುತ್ತ ನಿಜವಾಗಿಯೇ ಊದುತ್ತಿದ್ದ. ಬರುತ್ತಿದ್ದುದು ಉಸಿರಿನ ಸದ್ದೊಂದೇ.

ರಾಯ್ಸ್ ಆರ್ಡರ್ ಕೊಡಲಿಲ್ಲ. ಸಾಲಿನುದ್ದಕ್ಕೂ ಹಣೆಗೆ ಹಚ್ಚಿದ ಬಿಳಿ ಕೈಗವಸುಗಳು ನೋವಿಗೆ ನಡುಗತೊಡಗಿದವು. ಒಬ್ಬರೂ ಕೈ ಇಳಿಸಲಿಲ್ಲ.